ಇನ್ನೂ ಹುಟ್ಟದವರ ಪಾಲು: ನಾಯ್ ತಾಹು ಬುಡಕಟ್ಟು ಹಣ ಕಾಯುವ ಬಗೆ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಕೆಲವು ವರ್ಷಗಳಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಲ್ಲಿ ನಾಯ್ ತಾಹು ಎಂಬ ಬುಡಕಟ್ಟಿಗೆ ಸೇರಿದವರು. ಅವರ ಮಗುವಿನ ಉಳಿತಾಯ ಖಾತೆಗೆ ಬುಡಕಟ್ಟೇ ಹಣ ಹಾಕುತ್ತದೆ. ಇಲ್ಲಿನ ಕಟ್ಟಡಗಳು, ಮೀನುಗಾರಿಕೆ, ಪ್ರವಾಸೋದ್ಯಮ ಎಲ್ಲದರಲ್ಲೂ ಆ ಬುಡಕಟ್ಟಿನ ಬಂಡವಾಳವಿದೆಯಂತೆ. ಈ ಹಣ ಎಲ್ಲಿಂದ ಬಂತು? ಯಾರು ನೋಡಿಕೊಳ್ಳುತ್ತಾರೆ? ಸದಸ್ಯರಿಗೆ ಹಂಚಿಬಿಡದೆ ಏಕೆ ಇಟ್ಟುಕೊಂಡಿದ್ದಾರೆ? ಕೇಳಲು ಕಾರಣವಿದೆ. ಊರಿನಲ್ಲಿ ನಮ್ಮ ಒಕ್ಕದ, ಅಂದರೆ ಕೊಡವ ಕುಲದ, ಸಂಘದ ಹೆಸರಿನಲ್ಲಿಯೂ ಸ್ವಲ್ಪ ಹಣ ಸೇರಿದೆ. ಹಂಚಬೇಕು ಎನ್ನುವವರು, ಇಡಬೇಕು ಎನ್ನುವವರು ಎಂದು ಮನೆಯವರು ಎರಡು ಪಾಲಾಗಿದ್ದಾರೆ.

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಉಳಿದೆರಡರ ಉತ್ತರ ಅದರ ಬೆನ್ನಿಗೇ ಬರುತ್ತದೆ.

1998ರಲ್ಲಿ ನ್ಯೂಜಿಲೆಂಡ್ ಸರ್ಕಾರ ನಾಯ್ ತಾಹು ಜನರಿಗೆ ಕೊಟ್ಟ ಪರಿಹಾರ 17 ಕೋಟಿ ನ್ಯೂಜಿಲೆಂಡ್ ಡಾಲರ್. ಬುಡಕಟ್ಟಿನ ದಾಖಲೆಯಲ್ಲಿ ಇಂದು ಹೆಸರಿರುವವರು 80 ಸಾವಿರಕ್ಕೂ ಹೆಚ್ಚು. ಭಾಗಿಸಿ ನೋಡಿ, ತಲೆಗೆ ಎರಡು ಸಾವಿರ ಡಾಲರ್ ಆಸುಪಾಸು. ಆಗ ಸದಸ್ಯರು ಕಡಿಮೆಯಿದ್ದರು ಎಂದಿಟ್ಟುಕೊಂಡರೂ ಒಂದು ಹಳೆಯ ಕಾರು, ಒಂದಿಷ್ಟು ಸಾಲ ತೀರುವಳಿ, ಅಲ್ಲಿಗೆ ಮುಗಿಯುತ್ತಿತ್ತು. ಹಂಚದೆ ಇಟ್ಟದ್ದರಿಂದ ಬುಡಕಟ್ಟಿನ ನಿವ್ವಳ ಆಸ್ತಿ ಈಗ 150 ಕೋಟಿ ಡಾಲರ್ ದಾಟಿದೆ. ಅದೂ ಇಷ್ಟು ವರ್ಷ ವಿದ್ಯಾರ್ಥಿವೇತನ, ಭಾಷೆ, ಆರೋಗ್ಯ, ವಸತಿ ಎಂದು ಖರ್ಚು ಮಾಡುತ್ತಲೇ ಬಂದ ಮೇಲೆ.

ಇದನ್ನು ಜಾಣ ಹೂಡಿಕೆಯ ಕಥೆ ಎಂದು ಓದುವವರೇ ಹೆಚ್ಚು. ವ್ಯಾಪಾರ ಪತ್ರಿಕೆಗಳು ಬರೆಯುವುದೂ ಹಾಗೆಯೇ. ನನಗೆ ಅದು ಅಷ್ಟು ಮುಖ್ಯವೆನಿಸುವುದಿಲ್ಲ. ಭೂಮಿಯ ಬೆಲೆ ಏರುತ್ತಿದ್ದ ಕಾಲದಲ್ಲಿ ನ್ಯೂಜಿಲೆಂಡಿನಲ್ಲಿ ಆಸ್ತಿ ಕೊಂಡಿಟ್ಟ ಎಷ್ಟೋ ಜನ ಶ್ರೀಮಂತರಾದರು. ನಾಯ್ ತಾಹು ವಿಷಯದಲ್ಲಿ ಗಮನಿಸಬೇಕಾದದ್ದು ಬೇರೆ. ಹಣ ಕೈಗೆ ಬರುವುದಕ್ಕೆ ಎರಡು ವರ್ಷ ಮೊದಲೇ ಅದು ಯಾರದು, ಯಾರು ದುಡಿಸಬೇಕು, ಯಾರು ಖರ್ಚು ಮಾಡಬೇಕು ಎಂಬುದನ್ನು ಅವರು ಕಾನೂನಿನಲ್ಲಿ ಬರೆಸಿಕೊಂಡಿದ್ದರು. ಹಾಗೆ ಬರೆಸಿಕೊಳ್ಳುವಷ್ಟು ಎಚ್ಚರ ಬಂದದ್ದು ಒಂದೂವರೆ ಶತಮಾನದ ಪೆಟ್ಟಿನಿಂದ.

ಆ ಪೆಟ್ಟು ಏನೆಂದು ಸ್ವಲ್ಪ ಹೇಳಬೇಕು. ದಕ್ಷಿಣ ದ್ವೀಪದ ಬಹುಪಾಲು ನಾಯ್ ತಾಹು ಜನರ ನೆಲ. 1844ರಿಂದ 1864ರ ನಡುವೆ ಬ್ರಿಟಿಷ್ ಆಡಳಿತ ಹತ್ತು ಕ್ರಯಗಳಲ್ಲಿ ಅವರಿಂದ ಸುಮಾರು 3.45 ಕೋಟಿ ಎಕರೆಯನ್ನು ಬರೆಸಿಕೊಂಡಿತು. ಒಟ್ಟು ಬೆಲೆ 14,750 ಪೌಂಡ್. ನೀವಿರುವ ಕ್ಯಾಂಟರ್‌ಬರಿಯ ಬಯಲು 1848ರಲ್ಲಿ ಕೆಂಪ್ ಎಂಬ ಬ್ರಿಟಿಷ್ ಅಧಿಕಾರಿ ಬರೆಸಿಕೊಂಡ ಕ್ರಯಪತ್ರದಲ್ಲಿ ಹೋಯಿತು. ಆ ಇಡೀ ಪತ್ರದ ಬೆಲೆ 2,000 ಪೌಂಡ್. ಜನರಿಗೆ ಸಾಕಷ್ಟು ಭೂಮಿ ಮೀಸಲಿಡುತ್ತೇವೆ, ಆಹಾರ ಸಂಗ್ರಹಿಸುವ ತಾಣಗಳು ಅವರಿಗೇ ಉಳಿಯುತ್ತವೆ, ಶಾಲೆ ಆಸ್ಪತ್ರೆಗಳನ್ನು ಕಟ್ಟಿಸುತ್ತೇವೆ ಎಂಬ ಮಾತುಗಳಿದ್ದವು. ಕೊನೆಗೆ ಅವರ ಕೈಯಲ್ಲಿ ಉಳಿದದ್ದು 36 ಸಾವಿರ ಎಕರೆಯಷ್ಟು, ಅಂದರೆ ಸಾವಿರಕ್ಕೆ ಒಂದು ಪಾಲು. 1849ರಲ್ಲೇ ಮತಿಯಾಹಾ ತಿರಾಮೊರೆಹು ಎಂಬ ಹಿರಿಯರು ಸರ್ಕಾರಕ್ಕೆ ದೂರು ಬರೆದರು. ಅಲ್ಲಿಂದ ಏಳು ತಲೆಮಾರು ಆ ದೂರನ್ನು ಕೈಬಿಡಲಿಲ್ಲ.

ನಡುವೆ 1944ರಲ್ಲಿ ಒಂದು ಇತ್ಯರ್ಥ ಆಯಿತು. ನಿಧಿ ನಡೆಸುವವರೆಲ್ಲ ಅದನ್ನು ತಿಳಿದಿರಬೇಕು. ಸರ್ಕಾರ ವರ್ಷಕ್ಕೆ 10 ಸಾವಿರ ಪೌಂಡಿನಂತೆ 30 ವರ್ಷ, ಒಟ್ಟು 3 ಲಕ್ಷ ಪೌಂಡ್ ಕೊಡುವುದಾಗಿ ಕಾಯ್ದೆ ಮಾಡಿತು. ಅದನ್ನು ಪಡೆಯಲು ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. 1973ರಲ್ಲಿ ಆ ವಾರ್ಷಿಕ ಪಾವತಿಯನ್ನು 20 ಸಾವಿರ ಡಾಲರ್ ಎಂದು ಶಾಶ್ವತಗೊಳಿಸಿದರು. 10 ಸಾವಿರ ಪೌಂಡ್ ದಶಮಾಂಶ ನಾಣ್ಯಕ್ಕೆ ಬದಲಾದಾಗ ಆಗುವ ಮೊತ್ತವೇ ಅದು! ಅಂದರೆ ಸುಮಾರು ಮೂವತ್ತು ವರ್ಷಗಳ ಬೆಲೆ ಏರಿಕೆಗೆ ಒಂದು ಕಾಸೂ ಸೇರಿಸಲಿಲ್ಲ, ಮುಂದೆಯೂ ಸೇರಿಸುವುದಿಲ್ಲ ಎಂದು ಬರೆದು ಸಹಿ ಹಾಕಿದ ಹಾಗೆ. ಹಣದುಬ್ಬರ ಜೋರಾಗಿದ್ದ 1980ರ ದಶಕಕ್ಕೆ ಬರುವ ಹೊತ್ತಿಗೆ ಅದು ಕಚೇರಿಯ ಖರ್ಚಿಗೇ ಸಾಲದ ಮೊತ್ತವಾಗಿತ್ತು. ‘ಶಾಶ್ವತ’ ಎಂದು ಕಾಯ್ದೆಯಲ್ಲಿ ಬರೆದ ಹಣ ಹೀಗೆ ಸದ್ದಿಲ್ಲದೆ ಕರಗಿತು.

1986ರಲ್ಲಿ ರಾಕಿಹಿಯಾ ತಾವು ಎಂಬುವರು ಟ್ರಸ್ಟ್ ಬೋರ್ಡ್ ಜೊತೆ ಸೇರಿ, ಸರ್ಕಾರದ ವಿರುದ್ಧ ಮಾವೊರಿಗಳ ದೂರುಗಳನ್ನು ವಿಚಾರಿಸುವ ವೈತಾಂಗಿ ನ್ಯಾಯಮಂಡಳಿಗೆ ಮತ್ತೆ ದಾವೆ ಸಲ್ಲಿಸಿದರು. 1991ರಲ್ಲಿ ಮಂಡಳಿಯ ವರದಿ ಮೂರು ಸಂಪುಟಗಳಲ್ಲಿ ಬಂತು. ಟಿಪೆನೆ ಒ’ರೆಗನ್ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಮಾತುಕತೆ ನಡೆದು 1998ರಲ್ಲಿ ಇತ್ಯರ್ಥದ ಕಾಯ್ದೆಯಾಯಿತು. ಆ ವರ್ಷದ ನವೆಂಬರ್ 29ರಂದು ಪ್ರಧಾನಿ ಜೆನಿ ಶಿಪ್ಲಿ ಓನುಕು ಎಂಬಲ್ಲಿನ ಸಭಾಂಗಣಕ್ಕೆ ಹೋಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ: 17 ಕೋಟಿ. ಕಳೆದುಕೊಂಡದ್ದರ ಮುಂದೆ ಇದು ಏನೂ ಅಲ್ಲವೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಹಾಗಾಗಿ ಮಾತುಕತೆಯ ಮೇಜಿನಲ್ಲಿ ನಾಯ್ ತಾಹು ಮುಖಂಡರು ಮೊತ್ತದಷ್ಟೇ ಗಟ್ಟಿಯಾಗಿ ಹಿಡಿದದ್ದು ಮೊತ್ತದ ಪಕ್ಕದ ಕಲಂಗಳನ್ನು. ನಿಜವಾದ ಜಾಣತನ ಇರುವುದು ಅಲ್ಲಿ ಎಂದು ನನ್ನ ಎಣಿಕೆ.

ಒಂದು ಕಲಂ ಹೀಗಿದೆ. ಬುಡಕಟ್ಟಿನ ಪ್ರದೇಶದೊಳಗೆ ಸರ್ಕಾರ ತನಗೆ ಬೇಡವಾದ ಜಮೀನು ಕಟ್ಟಡಗಳನ್ನು ಮಾರುವುದಾದರೆ ಮೊದಲು ನಾಯ್ ತಾಹು ಜನರನ್ನು ಕೇಳಬೇಕು. ಪುಕ್ಕಟೆಯೇನಲ್ಲ, ಮಾರುಕಟ್ಟೆ ಬೆಲೆ ಕೊಟ್ಟೇ ಕೊಳ್ಳಬೇಕು. ಕಿತ್ತುಕೊಂಡ ನೆಲಕ್ಕೆ ಪರಿಹಾರದ ಹಣವನ್ನೇ ತೆತ್ತು ಹಿಂದಕ್ಕೆ ಪಡೆಯುವುದು ವಿಚಿತ್ರವೇ. ಆದರೆ ಅಜ್ಜಂದಿರ ನೆಲ ಬೇರೆಯವರ ಪಾಲಾಗುವ ಮೊದಲು ಒಮ್ಮೆ ಕೈಗೆ ಸಿಗುತ್ತದಲ್ಲ ಎಂದು ಅವರು ಒಪ್ಪಿದರು. ಮುಚ್ಚಿಹೋದ ವಾಯುಪಡೆ ನೆಲೆಯಿದ್ದ ವಿಗ್ರಂ ಇಂದು ಅವರು ಕಟ್ಟಿದ ವಸತಿ ಬಡಾವಣೆ. ನಿಮ್ಮ ನಗರದ ನಡುವಿನ ಹಳೆಯ ಕಿಂಗ್ ಎಡ್ವರ್ಡ್ ಬ್ಯಾರಕ್ಸ್ ಜಾಗದಲ್ಲಿ ಈಗ ಬುಡಕಟ್ಟಿನ ಹಿರಿಯ ಪಿತಾ ತೆ ಹೊರಿ ಅವರ ಹೆಸರಿನ ಕಚೇರಿ ಸಂಕೀರ್ಣವಿದೆ. 2011ರ ಭೂಕಂಪದ ನಂತರ ನಗರಕ್ಕೆ ಮನೆಗಳೂ ಕಚೇರಿಗಳೂ ತುರ್ತಾಗಿ ಬೇಕಾದಾಗ ಈ ನೆಲದ ಬೆಲೆ ಎಲ್ಲರಿಗೂ ಕಂಡಿತು.

ಇನ್ನೊಂದು ಕಲಂ ಇದಕ್ಕಿಂತ ಚುರುಕು. 1994ರಲ್ಲಿ ಸರ್ಕಾರ ದೇಶದ ಎಲ್ಲ ಮಾವೊರಿ ಬುಡಕಟ್ಟುಗಳ ಪರಿಹಾರವನ್ನು ಒಟ್ಟು 100 ಕೋಟಿ ಡಾಲರಿಗೆ ಮಿತಿಗೊಳಿಸುವ ಪ್ರಸ್ತಾವ ಮುಂದಿಟ್ಟಿತ್ತು. ಮಾವೊರಿಗಳು ಅದನ್ನು ತಿರಸ್ಕರಿಸಿದರು. ಮೊದಲು ಸಹಿ ಹಾಕುವವರಿಗೆ ಆಗ ಒಂದು ಭಯವಿತ್ತು: ನಾವು ಈಗ ಕಡಿಮೆಗೆ ಒಪ್ಪಿ, ನಾಳೆ ಹಟ ಹಿಡಿದವರಿಗೆ ಸರ್ಕಾರ ಹೆಚ್ಚು ಕೊಟ್ಟರೆ? ಅದಕ್ಕೆ ನಾಯ್ ತಾಹು ಜನರೂ ಉತ್ತರದ ವೈಕಾಟೊ-ತೈನುಯಿ ಜನರೂ ಒಂದು ಷರತ್ತು ಸೇರಿಸಿದರು. ಎಲ್ಲ ಪರಿಹಾರಗಳ ಒಟ್ಟು ಮೊತ್ತ 1994ರ ಬೆಲೆಯಲ್ಲಿ 100 ಕೋಟಿ ದಾಟಿದರೆ, ದಾಟಿದ ಹಣದಲ್ಲಿ ವೈಕಾಟೊ-ತೈನುಯಿ ಜನರಿಗೆ ಶೇ 17ರಷ್ಟು, ನಾಯ್ ತಾಹು ಜನರಿಗೆ ಶೇ 16.1ರಷ್ಟು ಸಲ್ಲಬೇಕು. 2012ರಲ್ಲಿ ಆ ಗೆರೆ ದಾಟಿತು, ಹಣ ಬರತೊಡಗಿತು, ಇನ್ನೂ ಬರುತ್ತಿದೆ. ‘1994ರ ಬೆಲೆಯಲ್ಲಿ’ ಎಂಬ ಮಾತನ್ನು ಗಮನಿಸಿ. 1944ರ ಇತ್ಯರ್ಥದಲ್ಲಿ ಇಲ್ಲದೆ ಹೋದದ್ದು ಇಂಥ ಒಂದು ಸಾಲು.

ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಬರುತ್ತೇನೆ. 1996ರಲ್ಲಿ ಸಂಸತ್ತು ‘ತೆ ರುನಂಗಾ ಓ ನಾಯ್ ತಾಹು’ ಎಂಬ ಸಂಸ್ಥೆಗೆ ಪ್ರತ್ಯೇಕ ಕಾಯ್ದೆಯಿಂದಲೇ ಕಾನೂನಿನ ಅಸ್ತಿತ್ವ ಕೊಟ್ಟಿತು. ಬುಡಕಟ್ಟಿನ ಹದಿನೆಂಟು ಸ್ಥಳೀಯ ಸಭೆಗಳು ಒಬ್ಬೊಬ್ಬ ಪ್ರತಿನಿಧಿಯನ್ನು ಅಲ್ಲಿಗೆ ಕಳಿಸುತ್ತವೆ. ಈ ಹದಿನೆಂಟು ಜನ ಬುಡಕಟ್ಟಿನ ಸರ್ಕಾರವಿದ್ದಂತೆ. ಆಸ್ತಿ ಇರುವುದು ಒಂದು ಧರ್ಮಾರ್ಥ ಟ್ರಸ್ಟಿನಲ್ಲಿ. ಅದನ್ನು ದುಡಿಸುವುದು ಹೋಲ್ಡಿಂಗ್ಸ್ ಕಾರ್ಪೊರೇಷನ್ ಎಂಬ ಬೇರೆಯೇ ಕಂಪನಿ. ಅದರ ಕೆಳಗೆ ಆಸ್ತಿ ಅಭಿವೃದ್ಧಿ, ಮೀನುಗಾರಿಕೆ, ಕೃಷಿ, ಕ್ವೀನ್ಸ್‌ಟೌನಿನ ಶಾಟೋವರ್ ಜೆಟ್ ದೋಣಿಯಂಥ ಪ್ರವಾಸಿ ಉದ್ಯಮಗಳು ಇವೆ. ಕಂಪನಿಯ ನಿರ್ದೇಶಕರನ್ನು ಪ್ರತಿನಿಧಿಗಳ ಸಭೆ ನೇಮಿಸುತ್ತದೆ, ಲೆಕ್ಕ ಕೇಳುತ್ತದೆ. ಯಾವ ಜಾಗ ಕೊಳ್ಳಬೇಕು, ಯಾವ ಹೋಟೆಲ್ ಮಾರಬೇಕು ಎಂಬುದರಲ್ಲಿ ದಿನನಿತ್ಯ ಕೈ ಹಾಕುವುದಿಲ್ಲ. ಕಂಪನಿಯೂ ಲಾಭವನ್ನು ಯಾರಿಗೆ ಕೊಡಬೇಕು ಎಂದು ಹೇಳುವುದಿಲ್ಲ. ಲಾಭ ಮೇಲಕ್ಕೆ ಹೋಗುತ್ತದೆ, ಖರ್ಚಿನ ತೀರ್ಮಾನ ಸಭೆಯದು.

ದುಡಿಸುವ ಕೈಯನ್ನೂ ಕೊಡುವ ಕೈಯನ್ನೂ ಬೇರೆ ಮಾಡಿದ್ದು ಕಾಗದದ ಮೇಲೆ ಸಪ್ಪೆಯಾಗಿ ಕಾಣುತ್ತದೆ. ಒಂದೇ ಕೈಯಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಸಹಕಾರ ಸಂಘಗಳ ಇತಿಹಾಸ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಲ ಕೊಡುವವನೇ ಓಟು ಕೇಳುವವನೂ ಆದರೆ ವಸೂಲಿ ನಿಲ್ಲುತ್ತದೆ. ನ್ಯೂಜಿಲೆಂಡಿನಲ್ಲೇ ಪಾಠ ಸಿಗುತ್ತದೆ. ವೈಕಾಟೊ-ತೈನುಯಿ ಜನರಿಗೂ 1995ರಲ್ಲಿ ಇಷ್ಟೇ ಮೊತ್ತದ, 17 ಕೋಟಿ ಡಾಲರಿನ ಇತ್ಯರ್ಥವಾಗಿತ್ತು. ಆರಂಭದ ಉತ್ಸಾಹದಲ್ಲಿ ಅವರು ಆಕ್ಲೆಂಡ್ ವಾರಿಯರ್ಸ್ ಎಂಬ ರಗ್ಬಿ ಲೀಗ್ ತಂಡಕ್ಕೂ ಹಣ ಹಾಕಿದರು. ಜನಪ್ರಿಯ ತಂಡ, ಹೆಮ್ಮೆಯ ವಿಷಯ, ಕೈ ಸುಟ್ಟುಕೊಂಡ ಹೂಡಿಕೆ. ಶತಮಾನ ಮುಗಿಯುವ ಹೊತ್ತಿಗೆ ಬುಡಕಟ್ಟು ದೊಡ್ಡ ನಷ್ಟದಲ್ಲಿತ್ತು, ಒಳಜಗಳ ಕೋರ್ಟಿಗೂ ಹೋಯಿತು. ಆಮೇಲೆ ವ್ಯವಸ್ಥೆಯನ್ನು ತಿದ್ದಿಕೊಂಡು, ಹ್ಯಾಮಿಲ್ಟನ್ ಬಳಿಯ ಹಳೆಯ ವಾಯುನೆಲೆಯ ಜಾಗದಲ್ಲಿ ದೇಶದ ಅತಿ ದೊಡ್ಡ ಮಾಲ್‌ಗಳಲ್ಲೊಂದನ್ನು ಕಟ್ಟಿ ಅವರು ಚೇತರಿಸಿಕೊಂಡರು. ಮುಳುಗದೆ ಉಳಿದದ್ದಕ್ಕೆ ಒಂದು ಕಾರಣ ನನಗೆ ಬಹಳ ಇಷ್ಟ. ಹಿಂದಕ್ಕೆ ಬಂದ ಭೂಮಿಯಲ್ಲಿ ಒಂದು ಭಾಗವನ್ನು ಅವರು ಮೊದಲ ಮಾವೊರಿ ದೊರೆ ಪೊತಾತೌ ತೆ ಫೆರೊಫೆರೊ ಹೆಸರಿನಲ್ಲಿ ಇಟ್ಟಿದ್ದಾರೆ. ಆತ ತೀರಿಕೊಂಡದ್ದು 1860ರಲ್ಲಿ. ಸತ್ತ ದೊರೆಯ ಹೆಸರಿನ ಜಮೀನನ್ನು ಅಡ ಇಡುವುದಕ್ಕಾಗಲಿ ಮಾರುವುದಕ್ಕಾಗಲಿ ಯಾವ ಸಮಿತಿಗೂ ಸುಲಭಕ್ಕೆ ಕೈ ಬರುವುದಿಲ್ಲ.

ಈಗ ನಿಧಿ ನಡೆಸುವವರಿಗೆ ನಿದ್ದೆ ಕೆಡಿಸುವ ಲೆಕ್ಕ. ವರ್ಷಕ್ಕೆ ಎಷ್ಟು ಖರ್ಚು ಮಾಡಬಹುದು? 100 ರೂಪಾಯಿಗೆ ವರ್ಷಕ್ಕೆ 7 ರೂಪಾಯಿ ಗಳಿಕೆ ಎಂದುಕೊಳ್ಳಿ. 7ನ್ನೂ ಖರ್ಚು ಮಾಡಿದರೆ ಅಸಲು 100 ಹಾಗೇ ಇದೆ ಎನಿಸುತ್ತದೆ. ಬೆಲೆಗಳು ವರ್ಷಕ್ಕೆ ಶೇ 3ರಂತೆ ಏರುತ್ತಿದ್ದರೆ 103 ಇದ್ದರೆ ಮಾತ್ರ ಅದು ಅದೇ 100. ಅಲ್ಲಿಗೆ ಉಳಿದದ್ದು 4. ಸಾಮಾನ್ಯ ದತ್ತಿನಿಧಿಗಳ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ವಂಶದ ನಿಧಿಯದು ನಿಲ್ಲುವುದಿಲ್ಲ, ಏಕೆಂದರೆ ಪಾಲುದಾರರು ಹುಟ್ಟುತ್ತಲೇ ಇರುತ್ತಾರೆ. ಸದಸ್ಯರ ಸಂಖ್ಯೆ ಶೇ 2ರಂತೆ ಬೆಳೆದರೆ, ಇಂದಿನ ಅಜ್ಜನ ಪಾಲಿನಷ್ಟೇ ನಾಳಿನ ಮೊಮ್ಮಗಳಿಗೂ ಸಿಗಬೇಕಾದರೆ ಇನ್ನೂ 2 ರೂಪಾಯಿ ಒಳಗೇ ಉಳಿಯಬೇಕು. ಖರ್ಚಿಗೆ ಸಿಗುವುದು 2. ಇದು ನಾನು ಹಾಕಿಕೊಂಡ ಉದಾಹರಣೆ, ಯಾವ ಬುಡಕಟ್ಟಿನ ಲೆಕ್ಕಪತ್ರವೂ ಅಲ್ಲ. ಆದರೆ 80 ಸಾವಿರ ಸದಸ್ಯರಿರುವ ಶ್ರೀಮಂತ ಬುಡಕಟ್ಟು ಒಬ್ಬೊಬ್ಬರಿಗೆ ವರ್ಷಕ್ಕೆ ಕೊಡುವುದು ಇಷ್ಟೇ ಏಕೆ ಎಂದು ನಿಮ್ಮ ಸಹೋದ್ಯೋಗಿಯ ಬಂಧುಗಳು ಗೊಣಗುವುದನ್ನು ನೀವು ಕೇಳಿದ್ದರೆ, ಉತ್ತರ ಇದರಲ್ಲಿದೆ.

ಹುಟ್ಟುತ್ತಲೇ ಇರುವ ಪಾಲುದಾರರು ಎಂದೆ. ಅವರು ಯಾರು ಎಂಬುದನ್ನು ನಾಯ್ ತಾಹು ಜನ ಬಹಳ ಹಿಂದೆಯೇ ಇತ್ಯರ್ಥ ಮಾಡಿಕೊಂಡಿದ್ದರು. 1920ರ ದಶಕದಲ್ಲಿ ಒಂದು ಗಣತಿ ಸಮಿತಿ ಕೂತು, ಕೆಂಪ್ ಕ್ರಯ ನಡೆದ 1848ರಲ್ಲಿ ಬದುಕಿದ್ದ ಹಿರಿಯರ ಪಟ್ಟಿ ತಯಾರಿಸಿತು. ಆ ಪಟ್ಟಿಯಲ್ಲಿರುವ ಯಾರದೇ ವಂಶಸ್ಥರು ತಾವೆಂದು ತೋರಿಸಿದವರು ಸದಸ್ಯರಾಗಬಹುದು. ಎಲ್ಲಿ ನೆಲೆಸಿದ್ದಾರೆ, ಯಾರನ್ನು ಮದುವೆಯಾಗಿದ್ದಾರೆ, ರಕ್ತದಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆಯಿಲ್ಲ. ತಾಯಿಯ ಕಡೆಯಿಂದ ಬಂದರೂ ಸರಿ, ತಂದೆಯ ಕಡೆಯಿಂದ ಬಂದರೂ ಸರಿ. ಪಟ್ಟಿ ಹಿಂದಕ್ಕೆ ಮುಚ್ಚಿದೆ, ಮುಂದಕ್ಕೆ ತೆರೆದಿದೆ.

ಇದು ಎಷ್ಟು ದೊಡ್ಡ ತೀರ್ಮಾನ ಎಂದು ತಿಳಿಯಲು ಅಮೆರಿಕದ ಎರಡು ಪ್ರಸಂಗ ಸಾಕು. ಒಕ್ಲಹೋಮಾದ ಓಸೇಜ್ ಜನರ ನೆಲದಡಿಯ ತೈಲವನ್ನು 1906ರ ಕಾಯ್ದೆ ಇಡೀ ಬುಡಕಟ್ಟಿನ ಆಸ್ತಿಯಾಗಿಯೇ ಉಳಿಸಿತು. ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಅದರ ಆದಾಯವನ್ನು ಆಗ ಪಟ್ಟಿಯಲ್ಲಿದ್ದ 2,229 ಜನರಿಗೆ ಒಂದೊಂದು ಹಕ್ಕಿನಂತೆ ಹಂಚಿ ಪಟ್ಟಿಯನ್ನು ಮುಚ್ಚಿತು. ನಂತರ ಹುಟ್ಟಿದವರಿಗೆ ಹಕ್ಕು ಬರಬೇಕಾದರೆ ಯಾರಾದರೂ ಸಾಯಬೇಕು. 1920ರ ದಶಕದಲ್ಲಿ ತೈಲದ ಹಣ ಹರಿದಾಗ ಆ ಹಕ್ಕುಗಳಿಗಾಗಿ ಮದುವೆಯಾದರು, ಕೊಂದರು. ಆ ಕೊಲೆಗಳ ಸರಣಿ ಜಗತ್ತಿಗೆ ಗೊತ್ತು. ಇಂದು ಒಂದು ಹಕ್ಕು ಚೂರುಚೂರಾಗಿ ಹತ್ತಾರು ಜನರ ಪಾಲಾಗಿರುತ್ತದೆ, ಒಂದಷ್ಟು ಹಕ್ಕುಗಳು ಓಸೇಜ್ ಅಲ್ಲದವರ ಕೈ ಸೇರಿವೆ.

ಅಲಾಸ್ಕದ್ದು ಇಷ್ಟು ಕ್ರೂರವಲ್ಲ, ಆದರೆ ಲೋಪ ಅದೇ. 1971ರ ಕಾಯ್ದೆಯ ಪ್ರಕಾರ ಅಲ್ಲಿನ ಮೂಲನಿವಾಸಿಗಳಿಗೆ 4.4 ಕೋಟಿ ಎಕರೆ ಭೂಮಿ, 96.25 ಕೋಟಿ ಅಮೆರಿಕನ್ ಡಾಲರ್ ಸಿಕ್ಕಿತು. ಬುಡಕಟ್ಟು ಸಭೆಗಳ ಬದಲು ಕಂಪನಿಗಳನ್ನು ಸ್ಥಾಪಿಸಿ, ಜನರನ್ನು ಷೇರುದಾರರನ್ನಾಗಿ ಮಾಡಿದರು. ಷೇರು ಸಿಕ್ಕಿದ್ದು 1971ರ ಡಿಸೆಂಬರ್ 18ರಂದು ಬದುಕಿದ್ದವರಿಗೆ. ಮರುದಿನ ಹುಟ್ಟಿದ ತಂಗಿ ಅಣ್ಣನ ಕಂಪನಿಗೆ ಹೊರಗಿನವಳು! ಆಮೇಲೆ ಕಾಯ್ದೆಯನ್ನು ತಿದ್ದಿ, ಬಯಸುವ ಕಂಪನಿಗಳು ಹೊಸ ತಲೆಮಾರಿಗೆ ಷೇರು ಕೊಡಬಹುದು ಎಂದರು. ಆದರೆ ಹಾಗೆ ಕೊಡಲು ಹಳೆಯ ಷೇರುದಾರರು ಓಟು ಹಾಕಬೇಕು, ಹಾಕಿದರೆ ತಮ್ಮದೇ ಲಾಭಾಂಶ ಕಡಿಮೆಯಾಗುತ್ತದೆ. ಆಗ್ನೇಯ ಅಲಾಸ್ಕದ ಸೀಲಾಸ್ಕ ಕಂಪನಿಯ ಷೇರುದಾರರು 2007ರಲ್ಲಿ ಹಾಗೆ ಓಟು ಹಾಕಿದರು, ಅದು ಅವರ ದೊಡ್ಡತನ. ಎಲ್ಲ ಕಂಪನಿಗಳೂ ಆ ದಾರಿ ಹಿಡಿಯಲಿಲ್ಲ. ಮುಂದಿನವರಿಗೆ ಜಾಗ ಬಿಡುವುದನ್ನು ಇಂದಿನವರ ಔದಾರ್ಯಕ್ಕೆ ಬಿಟ್ಟರೆ ಹೀಗೇ ಆಗುತ್ತದೆ.

ನಿಮ್ಮ ಸಹೋದ್ಯೋಗಿಯ ಮಗುವಿನ ಖಾತೆಯ ವಿಷಯ. ಅದರ ಹೆಸರು ಫಾಯ್ ರಾವಾ, ಶುರುವಾದದ್ದು 2006ರಲ್ಲಿ. ಇಡೀ ನಿಧಿಯನ್ನು ಹಂಚುವುದೂ ಬೇಡ, ಸದಸ್ಯರಿಗೆ ತಮ್ಮದೆನ್ನಲು ಏನೂ ಇಲ್ಲದ ಹಾಗೆ ಮಾಡುವುದೂ ಬೇಡ ಎಂದು ಹುಡುಕಿಕೊಂಡ ದಾರಿ ಅದು. ಸದಸ್ಯರು ಖಾತೆಗೆ ಹಾಕಿದ ಹಣಕ್ಕೆ ಬುಡಕಟ್ಟು ಒಂದು ಮಿತಿಯವರೆಗೆ ತನ್ನ ಹಣ ಸೇರಿಸುತ್ತದೆ, ಮಕ್ಕಳ ಖಾತೆಗೆ ಹೆಚ್ಚಿನ ದರದಲ್ಲಿ. ವರ್ಷಕ್ಕೊಮ್ಮೆ ಎಲ್ಲ ಖಾತೆಗಳಿಗೂ ಒಂದು ಪಾಲು ಬರುತ್ತದೆ. ತೆಗೆಯಲು ಬಾಗಿಲು ಮುಖ್ಯವಾಗಿ ಮೂರು: ಉನ್ನತ ಶಿಕ್ಷಣ, ಮೊದಲ ಮನೆ, 55 ದಾಟಿದ ಮೇಲೆ ನಿವೃತ್ತಿ. ಹೊಸ ಫೋನಿಗೆ ಸಿಗುವುದಿಲ್ಲ.

ಯೋಜನೆ ಒಳ್ಳೆಯದು, ಆದರೆ ಅದರಲ್ಲಿ ಒಂದು ಓರೆಯಿದೆ. ಹಾಕಿದ ಹಣಕ್ಕೆ ಹಣ ಸೇರಿಸುವ ಯಾವ ಯೋಜನೆಯೂ ಹಾಕಲು ಶಕ್ತಿಯಿರುವವರಿಗೇ ಮೊದಲು ಒಲಿಯುತ್ತದೆ. ಬಾಡಿಗೆಗೇ ಸಂಬಳ ಮುಗಿಯುವ ಮನೆಯ ಮಗುವಿನ ಖಾತೆಯಲ್ಲಿ ವಾರ್ಷಿಕ ಪಾಲು ಮಾತ್ರ ಇರುತ್ತದೆ, ವೈದ್ಯರ ಮಗುವಿನದು ತುಂಬುತ್ತದೆ. ಸಮುದಾಯದ ಹಣ ಒಳಗಿನ ಅಂತರವನ್ನೇ ಹೆಚ್ಚಿಸಬಾರದಲ್ಲವೇ? ಮಕ್ಕಳ ದರ ಹೆಚ್ಚಿಟ್ಟಿರುವುದು ಇದನ್ನು ಸ್ವಲ್ಪ ತಗ್ಗಿಸುತ್ತದೆ, ಪೂರ್ತಿ ಅಲ್ಲ.

ಟೀಕೆಗಳು ಇನ್ನೂ ಇವೆ. ಪ್ರತಿನಿಧಿಗಳನ್ನು ಸದಸ್ಯರು ನೇರವಾಗಿ ಆರಿಸುವುದಿಲ್ಲ. ಸ್ಥಳೀಯ ಸಭೆಯಲ್ಲಿ ಮೊದಲು ನೇಮಕ ಮಾಡುವವರನ್ನು ಆರಿಸುತ್ತಾರೆ, ಅವರು ಪ್ರತಿನಿಧಿಯನ್ನು ನೇಮಿಸುತ್ತಾರೆ. ದೂರದ ಆಕ್ಲೆಂಡಿನಲ್ಲೋ ಆಸ್ಟ್ರೇಲಿಯದಲ್ಲೋ ಇರುವ ಸದಸ್ಯನಿಗೆ ತನ್ನ ಮಾತು ತಲುಪುವುದಿಲ್ಲವೆನಿಸುವುದು ಸಹಜ. ಪ್ರವಾಸೋದ್ಯಮದ ಮೇಲೆ ಭಾರ ಹಾಕಿದ್ದಕ್ಕೂ ಬೆಲೆ ತೆತ್ತರು. 2020ರಲ್ಲಿ ಕೋವಿಡ್‌ನಿಂದ ಗಡಿ ಮುಚ್ಚಿದಾಗ ಹಲವು ಉದ್ಯಮಗಳನ್ನು ನಿಲ್ಲಿಸಿ, ನೂರಾರು ನೌಕರರನ್ನು ಬಿಡಬೇಕಾಯಿತು.

ನನ್ನನ್ನು ಹೆಚ್ಚು ಕಾಡುವುದು ಈಯರ್‌ವೆಲ್ ಪ್ರಕರಣ. ವೈಮಕರಿರಿ ನದಿಯ ಉತ್ತರಕ್ಕೆ ಬುಡಕಟ್ಟಿಗೆ ಬಂದ ಪೈನ್ ನೆಡುತೋಪನ್ನು ಅವರ ಕೃಷಿ ಕಂಪನಿ ಕಡಿದು, ನೀರಾವರಿ ಮಾಡಿ, ಹೈನುಗಾರಿಕೆಗೆ ಇಳಿಸಿತು. ಲೆಕ್ಕದ ಕಣ್ಣಿನಲ್ಲಿ ಸರಿಯಾದ ತೀರ್ಮಾನವೇ. ಆದರೆ ಈಯರ್‌ವೆಲ್ ಜೀರುಂಡೆ ಎಂಬ ಕೀಟ ಜಗತ್ತಿನಲ್ಲಿ ಕಂಡುಬಂದದ್ದು ಆ ತೋಪಿನಲ್ಲಿ ಮಾತ್ರ. ತೋಪು ಹೋದ ಮೇಲೆ ಅದು ನಾಶವಾಗಿರಬಹುದೆಂದು ಕೀಟತಜ್ಞರು ಆತಂಕಪಟ್ಟರು. ಕ್ಯಾಂಟರ್‌ಬರಿಯ ಹೈನುಗಾರಿಕೆಯಿಂದ ಅಂತರ್ಜಲಕ್ಕೆ ನೈಟ್ರೇಟ್ ಇಳಿಯುತ್ತಿರುವುದು ನೀವು ಕುಡಿಯುವ ನೀರಿನ ಸುದ್ದಿಯಾಗಿ ನಿಮಗೇ ಗೊತ್ತಿರುತ್ತದೆ. ಇದೇ ಬುಡಕಟ್ಟು 2020ರಲ್ಲಿ ನದಿಗಳ ದುಃಸ್ಥಿತಿಯನ್ನು ಮುಂದಿಟ್ಟು, ಸಿಹಿನೀರಿನ ಮೇಲೆ ತನಗಿರುವ ಅಧಿಕಾರವನ್ನು ಗುರುತಿಸಬೇಕೆಂದು ಸರ್ಕಾರದ ವಿರುದ್ಧ ಹೈಕೋರ್ಟಿಗೆ ಹೋಯಿತು. ಒಂದೇ ಮೊಮ್ಮಕ್ಕಳಿಗಾಗಿ ಒಂದು ಕೈ ಹಾಲಿನ ಹಣ ಕೂಡಿಡುತ್ತಿದೆ, ಇನ್ನೊಂದು ಕೈ ನದಿ ಉಳಿಸಲು ಹೋರಾಡುತ್ತಿದೆ. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ, ನಾನು ಹಾಗೆ ಅನ್ನುವುದಿಲ್ಲ. ದುಡಿಸುವ ಕೈ ಬೇರೆ, ಕೊಡುವ ಕೈ ಬೇರೆ ಎಂದು ನಾನು ಮೇಲೆ ಹೊಗಳಿದ ವ್ಯವಸ್ಥೆಯ ಬೆಲೆಯೇ ಇದು. ಹಣ ದುಡಿಸಲೆಂದು ಕೂರಿಸಿದ ಕಂಪನಿ ಹಣವನ್ನೇ ದುಡಿಸುತ್ತದೆ. ನದಿಯ ಲೆಕ್ಕವನ್ನೂ ನೀನೇ ಹಿಡಿ ಎಂದು ಬರೆದು ಕೊಡದಿದ್ದರೆ ಅದು ಹಿಡಿಯುವುದಿಲ್ಲ.

ಲೆಕ್ಕಪತ್ರಕ್ಕೆ ಸೇರದ ಆಸ್ತಿಯೂ ಅವರಿಗಿದೆ. ದಕ್ಷಿಣದ ಹಸಿರು ಶಿಲೆ ಪೌನಾಮು 1997ರ ಕಾಯ್ದೆಯಿಂದ ಇಡೀ ಬುಡಕಟ್ಟಿನದಾಯಿತು, ಕಾವಲು ಆಯಾ ಸ್ಥಳೀಯ ಸಭೆಗಳದು. ರಕಿಯುರಾ (ಸ್ಟೀವರ್ಟ್ ದ್ವೀಪ) ಸುತ್ತಲಿನ ದ್ವೀಪಗಳಲ್ಲಿ ಏಪ್ರಿಲ್ 1ರಿಂದ ಮೇ 31ರವರೆಗೆ ತೀತೀ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿಯುವ ಹಕ್ಕು ವಂಶದಿಂದ ಬರುತ್ತದೆ. ಷೇರು, ಟ್ರಸ್ಟ್ ಎಂಬ ಮಾತುಗಳು ಆ ದ್ವೀಪಕ್ಕೆ ಬರುವ ಮೊದಲಿನಿಂದಲೂ ಯಾರು ಹಿಡಿಯಬಹುದು, ಯಾವಾಗ ಹಿಡಿಯಬಹುದು ಎಂಬ ಕಟ್ಟುಪಾಡು ಅಲ್ಲಿತ್ತು. ದೇಶದ ಅತಿ ಎತ್ತರದ ಶಿಖರ ಆವೊರಾಕಿಯದು (ಮೌಂಟ್ ಕುಕ್) ಇನ್ನೂ ವಿಶೇಷ: ಇತ್ಯರ್ಥದ ಪ್ರಕಾರ ಅದನ್ನು ಬುಡಕಟ್ಟಿಗೆ ಮರಳಿಸುವುದು, ಬುಡಕಟ್ಟು ಅದನ್ನು ಇಡೀ ದೇಶಕ್ಕೆ ಉಡುಗೊರೆಯಾಗಿ ಕೊಡುವುದು.

ಇನ್ನು ನಿಮ್ಮ ಒಕ್ಕ. 80 ಸಾವಿರ ಜನರ ವ್ಯವಸ್ಥೆಯನ್ನು ಕುಲದ ಮೂಲಮನೆಯಾದ ಐನ್‌ಮನೆಯ ಜಗಲಿಗೆ ಇಳಿಸಲಾಗದು, ಇಳಿಸಬೇಕಾಗಿಯೂ ಇಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯನ್ನು ಒಕ್ಕದ ಹೆಸರಿನಲ್ಲಿಟ್ಟು, ಒಕ್ಕದ ಯಜಮಾನರಾದ ಪಟ್ಟೆದಾರರ ಮೂಲಕ ನಡೆಸಿಕೊಂಡು ಬಂದವರಿಗೆ ಒಡೆಯದ ಆಸ್ತಿ ಹೊಸದೇನಲ್ಲ. ಕೊಡವರು ಅದನ್ನು ಮಾವೊರಿಗಳಿಂದ ಕಲಿಯುವ ಅಗತ್ಯವೂ ಇಲ್ಲ. ನೆಲಕ್ಕೆ ಇದ್ದ ಆ ಕಟ್ಟುಪಾಡು ಬ್ಯಾಂಕಿನಲ್ಲಿರುವ ಹಣಕ್ಕೆ ಇಲ್ಲ ಎಂಬುದೇ ನಿಮ್ಮ ಮನೆಯ ಜಗಳದ ಮೂಲ ಎಂದು ನಿಮ್ಮ ಪತ್ರ ಓದಿ ನನಗನಿಸಿತು.

ಹಾಗಾಗಿ ಹಂಚುವುದೋ ಇಡುವುದೋ ಎಂಬ ಚರ್ಚೆಯನ್ನು ಸದ್ಯ ಪಕ್ಕಕ್ಕಿಟ್ಟು, ಮುಂದಿನ ಮಹಾಸಭೆಯಲ್ಲಿ ವರ್ಷಕ್ಕೆ ಎಷ್ಟು ತೆಗೆಯಬಹುದು ಎಂಬುದನ್ನು ಮಾತ್ರ ತೀರ್ಮಾನಿಸಿ. ಠೇವಣಿಯ ಬಡ್ಡಿಯಲ್ಲಿ ಬೆಲೆ ಏರಿಕೆಯಷ್ಟನ್ನು ಅಸಲಿಗೆ ಸೇರಿಸಿ ಉಳಿದದ್ದು ಖರ್ಚಿಗೆ ಎಂದು ಒಂದು ಸಾಲು ಬರೆದುಕೊಂಡರೂ ಸಾಕು. ಹಣ ಇಡುವ ಖಜಾಂಚಿ ಮತ್ತು ಯಾರಿಗೆ ವಿದ್ಯಾರ್ಥಿವೇತನ ಎಂದು ನಿರ್ಧರಿಸುವ ಸಮಿತಿ ಬೇರೆ ಬೇರೆಯಾಗಿರಲಿ. ಅಣ್ಣತಮ್ಮಂದಿರೇ ಆಗಿದ್ದರೂ ಸರಿ. ಲೆಕ್ಕಪತ್ರ ಬೆಂಗಳೂರಿನಲ್ಲಿರುವವರಿಗೂ ಕ್ರೈಸ್ಟ್‌ಚರ್ಚ್‌ನಲ್ಲಿರುವ ನಿಮಗೂ ವರ್ಷಕ್ಕೊಮ್ಮೆ ತಲುಪಬೇಕು.

ಇದಕ್ಕಿಂತ ಕಷ್ಟದ ಪ್ರಶ್ನೆ ಪಟ್ಟಿಯದು. ಒಕ್ಕ ತಂದೆಯ ಕಡೆಯಿಂದ ನಡೆಯುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅವರ ಮಕ್ಕಳು ಈ ಹಣದಲ್ಲಿ ಏನಾಗುತ್ತಾರೆ? ಐನ್‌ಮನೆಯ ಕಾರ್ಯಗಳಿಗೆ ವಂತಿಗೆ ಕೊಟ್ಟವರಲ್ಲಿ ಅವರೂ ಇದ್ದಾರೆಯೇ? ವಿದ್ಯಾರ್ಥಿವೇತನದ ಅರ್ಜಿ ಅವರ ಮಕ್ಕಳಿಂದ ಬಂದರೆ ತೆಗೆದುಕೊಳ್ಳುತ್ತೀರಾ? ಇದಕ್ಕೆ ನಾನು ಉತ್ತರ ಹೇಳುವುದು ಸರಿಯಲ್ಲ, ಅದು ನಿಮ್ಮ ಹಿರಿಯರೂ ಹೆಣ್ಣುಮಕ್ಕಳೂ ಒಟ್ಟಿಗೆ ಕೂತು ಹೇಳಬೇಕಾದ ಉತ್ತರ. ಹಣ ಕಡಿಮೆಯಿರುವಾಗಲೇ ಹೇಳಿಕೊಂಡರೆ ಒಳ್ಳೆಯದು.

ಕೊನೆಗೊಂದು ವಿಷಯ, ಮೊದಲೇ ಹೇಳಿದ್ದರೆ ನೀವು ಮುಂದಕ್ಕೆ ಓದುತ್ತಿರಲಿಲ್ಲ. ನಿಮ್ಮ ಒಕ್ಕದ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಣಿಯಾಗಿದೆಯೇ ನೋಡಿ. ಆಗಿದ್ದರೆ ಸಂಘದ ಹಣವನ್ನು ಸದಸ್ಯರು ತಮ್ಮತಮ್ಮಲ್ಲೇ ಹಂಚಿಕೊಳ್ಳುವುದು ಅಂದುಕೊಂಡಷ್ಟು ಸಲೀಸಲ್ಲ. ಬೈಲಾ ಪ್ರತಿಯನ್ನು ಹಿಡಿದುಕೊಂಡು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಲು ಮನೆಯವರಿಗೆ ಹೇಳಿ. ಎರಡು ಪಾಲಾಗಿರುವವರು ಇಬ್ಬರೂ ಜೊತೆಯಲ್ಲೇ ಹೋಗಲಿ.